ಹಳೆ ಹಾರ್ಡ್‌ಡಿಸ್ಕ್ ಅಯಸ್ಕಾಂತದಿಂದ ನಿಯೋಡಿಮಿಯಂ: ಸಾಲ್ವೆಂಟ್ ವಿಧಾನದ ಸಮಗ್ರ ಮಾರ್ಗದರ್ಶಿ

ಚಳ್ಳಕೆರೆ, ದಾವಣಗೆರೆ ಕಡೆ ‘ಸಾಲ್ವೆಂಟ್’ ಅಂದರೆ ಎಲ್ಲರಿಗೂ ನೆನಪಾಗುವುದು ಶೇಂಗಾ ಹಿಂಡಿ. ಗಾಣದಲ್ಲಿ ಹಿಂಡಿ ಮುಗಿದ ಮೇಲೂ ಉಳಿದ ಎಣ್ಣೆಯನ್ನು ಹೆಕ್ಸೇನ್ ಹಾಕಿ ಕರಗಿಸಿ ತೆಗೆಯುವುದು. ನಿಯೋಡಿಮಿಯಂನಂಥ ವಿರಳ ಭೂಲೋಹಗಳ ಸಾಲ್ವೆಂಟ್ ಕೆಲಸಕ್ಕೂ ಹೆಸರು ಅದೇ, ಆದರೆ ಒಳಗಿನ ಕತೆ ಬೇರೆ. ಎಣ್ಣೆ ಹೆಕ್ಸೇನಿನಲ್ಲಿ ತಾನಾಗಿಯೇ ಕರಗುತ್ತದೆ. ನೀರಿನಲ್ಲಿ ಅಯಾನಾಗಿ ಕೂತಿರುವ ನಿಯೋಡಿಮಿಯಂ ಸೀಮೆಎಣ್ಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ಹಿಡಿದು ಆಚೆ ದಡಕ್ಕೆ ಒಯ್ಯುವ ಒಂದು ಆಮ್ಲೀಯ ಸಂಯುಕ್ತ ಬೇಕು. ಆ ಸಂಯುಕ್ತ ಲೋಹವನ್ನು ಹಿಡಿಯುವಾಗ ತನ್ನ ಹೈಡ್ರೋಜನ್ ಅಯಾನನ್ನು ನೀರಿಗೆ ಬಿಟ್ಟುಕೊಡುತ್ತದೆ. ಇಡೀ ಕೆಲಸ ಈ ಕೊಡು-ಕೊಳ್ಳುವಿಕೆಯ ಮೇಲೆ ನಿಂತಿದೆ. ನೀರು, ಎಣ್ಣೆ ಎರಡನ್ನೂ ಹಾಕಿ ಬೇರ್ಪಡಿಸುವ ಗಾಜಿನ ಫನಲ್ ಅಲ್ಲಾಡಿಸುವುದು ಯಾರಿಗಾದರೂ ಬರುತ್ತದೆ. ಕೈಕೊಡುವುದು ಯಾವಾಗಲೂ ಆಮ್ಲದ ಲೆಕ್ಕ.

ಇಲ್ಲಿ ಕೊಟ್ಟಿರುವ ಪ್ರಮಾಣಗಳು 20 ಗ್ರಾಂ ಅಯಸ್ಕಾಂತಕ್ಕೆ. ಫ್ಯೂಮ್ ಹುಡ್ (ಹೊಗೆ, ಆವಿಯನ್ನು ಫ್ಯಾನಿನಿಂದ ಹೊರಗೆಳೆಯುವ ಗೂಡು) ಇರುವ ಕಾಲೇಜು ಪ್ರಯೋಗಾಲಯಕ್ಕೆ ಅಥವಾ ನೋಂದಾಯಿತ ಇ-ತ್ಯಾಜ್ಯ ಘಟಕದ ಲ್ಯಾಬಿಗೆ ಹೊಂದುವ ಅಳತೆ ಇದು. ಮನೆಯ ಹಿತ್ತಲಿನ ಕೆಲಸ ಇದಲ್ಲ. ವ್ಯಾಪಾರಕ್ಕೆಂದು ಇ-ತ್ಯಾಜ್ಯ ಬಿಚ್ಚಿ ಲೋಹ ತೆಗೆಯಲು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ನೋಂದಣಿ ಬೇಕೇ ಬೇಕು.

ಕಚ್ಚಾ ಸಾಮಗ್ರಿ ಯಾವುದು, ಯಾವುದಲ್ಲ

ಗುಜರಿ ಅಂಗಡಿಯಲ್ಲಿ ಸಿಗುವ ಅಯಸ್ಕಾಂತವೆಲ್ಲ ನಿಯೋಡಿಮಿಯಂ ಅಲ್ಲ. ಹಳೆ ಸ್ಪೀಕರಿನ ಹಿಂದಿರುವ ದಪ್ಪ ಕಪ್ಪು ಬಳೆ ಫೆರೈಟ್. ಅದರಲ್ಲಿರುವುದು ಕಬ್ಬಿಣದ ಆಕ್ಸೈಡ್ ಮತ್ತು ಸ್ಟ್ರಾನ್ಷಿಯಂ ಅಥವಾ ಬೇರಿಯಂ. ಮುರಿದರೆ ಕುಂಬಾರಿಕೆಯ ಚೂರಿನಂತೆ ಮಂಕಾಗಿರುತ್ತದೆ. ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ ‘ಅಲ್ಲೆಲ್ಲ ನಿಯೋಡಿಮಿಯಂ ತುಂಬಿದೆ’ ಎನ್ನುವವರಿದ್ದಾರೆ. ಹಳೆ ತಲೆಮಾರಿನ ಗಾಳಿಯಂತ್ರಗಳಲ್ಲಿ ಬಹುಪಾಲಿಗೆ ಇರುವುದು ಇಂಡಕ್ಷನ್ ಜನರೇಟರ್ ಅಥವಾ ತಂತಿ ಸುತ್ತಿನಿಂದ ಕಾಂತವಾಗುವ ಜನರೇಟರ್; ಅವುಗಳಲ್ಲಿ ಶಾಶ್ವತ ಅಯಸ್ಕಾಂತವೇ ಇರುವುದಿಲ್ಲ.

ನಂಬಬಹುದಾದ ಮೂಲ ಕಂಪ್ಯೂಟರ್ ರಿಪೇರಿ ಅಂಗಡಿಯ ಸತ್ತ ಹಾರ್ಡ್‌ಡಿಸ್ಕ್. ಓದುವ ತೋಳಿನ ಬುಡದಲ್ಲಿ ಉಕ್ಕಿನ ತಟ್ಟೆಗೆ ಅಂಟಿಸಿದ, ಕಿಡ್ನಿಯಾಕಾರದ ಬೆಳ್ಳಿ ಬಣ್ಣದ ತುಂಡು ಅದು. ಅದರಲ್ಲಿ ತೂಕದ ಸುಮಾರು ಶೇ. 30 ವಿರಳ ಭೂಲೋಹ (ಹೆಚ್ಚು ನಿಯೋಡಿಮಿಯಂ, ಜೊತೆಗೆ ಪ್ರಸಿಯೋಡಿಮಿಯಂ, ಕೆಲವದರಲ್ಲಿ ಸ್ವಲ್ಪ ಡಿಸ್ಪ್ರೋಸಿಯಂ), ಶೇ. 65ರ ಆಸುಪಾಸು ಕಬ್ಬಿಣ, ಶೇ. 1 ಬೋರಾನ್. ಮೇಲೆ ನಿಕಲ್-ತಾಮ್ರ-ನಿಕಲ್ ಲೇಪನ. 20 ಗ್ರಾಂನಲ್ಲಿ ನಮಗೆ ಬೇಕಾದ ಲೋಹ ಸುಮಾರು 6 ಗ್ರಾಂ. ಮುಂದಿನ ಎಲ್ಲ ಲೆಕ್ಕವೂ ಈ 6 ಗ್ರಾಂ ಹಿಡಿದು ನಡೆಯುತ್ತದೆ.

ನೀರಿನ ವಿಷಯ ಮೊದಲೇ ಹೇಳಬೇಕು

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಕೆಲಸ ಕೆಡಿಸುವ ಮೊದಲ ಆಸಾಮಿ ಬೋರ್‌ವೆಲ್ ನೀರು. ಗಡಸುತನ ಲೀಟರಿಗೆ 500 ಮಿ.ಗ್ರಾಂ ಇರುವ ನೀರಿನಲ್ಲಿ ಸುಮಾರು 200 ಮಿ.ಗ್ರಾಂ ಕ್ಯಾಲ್ಸಿಯಂ ಇರಬಹುದು, ಅಂದರೆ 5 ಮಿಲಿಮೋಲ್ (ಮೋಲ್ ಎಂಬುದು ಅಯಾನುಗಳ ಎಣಿಕೆಯ ಅಳತೆ). ನಮ್ಮ ದ್ರಾವಣದಲ್ಲಿ ನಿಯೋಡಿಮಿಯಂ ಇರುವುದೇ ಲೀಟರಿಗೆ ಸುಮಾರು 42 ಮಿಲಿಮೋಲ್. ಎಂಟು ಅಯಾನಿಗೆ ಒಂದರಂತೆ ಕ್ಯಾಲ್ಸಿಯಂ ಬಂದು ಸೇರಿದಂತಾಯಿತು. ಪಿಎಚ್ 3ರ ಹತ್ತಿರ ಅದೂ ಆರ್ಗ್ಯಾನಿಕ್ ಪದರಕ್ಕೆ (ಲೋಹ ಹಿಡಿಯುವ ಸಂಯುಕ್ತ ಬೆರೆಸಿದ ಸೀಮೆಎಣ್ಣೆಗೆ) ಏರುತ್ತದೆ, ಕೊನೆಗೆ ಆಕ್ಸಲೇಟ್ ಹಂತದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ನಿಮ್ಮ ಪುಡಿಯೊಳಗೇ ಕೂರುತ್ತದೆ. ಫ್ಲೋರೈಡ್ ಇನ್ನೊಂದು ಕಾಟ. ಜಗಳೂರು, ಮೊಳಕಾಲ್ಮುರು ಕಡೆಯ ನೀರಿನಲ್ಲಿ ಅದು ಹಲ್ಲಿಗೆ ಎಷ್ಟು ಕೆಟ್ಟದ್ದೋ ಇಲ್ಲಿಯೂ ಅಷ್ಟೇ: ವಿರಳ ಭೂಲೋಹಗಳ ಫ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ. ಲೋಹದ ನಷ್ಟ ಅಲ್ಪ, ಆದರೆ ಆ ತೆಳು ಮಬ್ಬು ಎರಡು ಪದರಗಳ ನಡುವೆ ಕೆನೆ ಕಟ್ಟಲು ಸಾಕು. ಮೊದಲಿನಿಂದ ಕೊನೆಯವರೆಗೆ ಡಿಸ್ಟಿಲ್ಡ್ ಅಥವಾ ಡಿ-ಅಯೊನೈಸ್ಡ್ ನೀರೇ ಇರಲಿ. ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಗಾಜು ತೊಳೆಯಲು ಸಾಕು, ದ್ರಾವಣಕ್ಕೆ ಬೇಡ.

ಅಯಸ್ಕಾಂತದಿಂದ ಫೀಡ್ ದ್ರಾವಣ

ಫೀಡ್ ಅಂದರೆ ಫನಲ್ಲಿಗೆ ಹಾಕುವ, ಲೋಹ ಕರಗಿದ ನೀರು. ಉಕ್ಕಿನ ತಟ್ಟೆಯಿಂದ ಅಯಸ್ಕಾಂತ ಬಿಡಿಸಿ, ಫರ್ನೇಸಿನಲ್ಲಿ 350 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಇದರ ಕ್ಯೂರಿ ತಾಪ 310 ಡಿಗ್ರಿಯ ಸುಮಾರಿಗೆ ಇರುವುದರಿಂದ ಕಾಂತಶಕ್ತಿ ಹೋಗುತ್ತದೆ. ಅಂಟು ಸುಟ್ಟು ಹೊಗೆ ಬರುತ್ತದೆ, ಹುಡ್‌ನೊಳಗೇ ಮಾಡಿ. ತಣಿದ ಮೇಲೆ ಇಕ್ಕಳದಲ್ಲಿ 3-4 ಮಿ.ಮೀ. ಚೂರು ಮಾಡಿಕೊಳ್ಳಿ. ನುಣ್ಣಗೆ ಪುಡಿ ಮಾಡುವ ಆಸೆ ಬೇಡ: ಈ ಮಿಶ್ರಲೋಹದ ಒಣ ನುಣ್ಪುಡಿ ಗಾಳಿಗೆ ತಾನೇ ಹೊತ್ತಿಕೊಳ್ಳಬಲ್ಲದು. ಚೂರು ಸಾಕು, ಮುರಿದ ಬದಿಯಿಂದ ಆಮ್ಲ ಒಳಗೆ ತಿನ್ನುತ್ತಾ ಹೋಗುತ್ತದೆ.

ಒಂದು ಲೀಟರ್ ಬೀಕರಿನಲ್ಲಿ 2 ಮೋಲಾರ್ ಸಲ್ಫ್ಯೂರಿಕ್ ಆಮ್ಲ 200 ಮಿ.ಲೀ. ತೆಗೆದುಕೊಳ್ಳಿ (ಗಾಢ ಆಮ್ಲ ಸುಮಾರು 22 ಮಿ.ಲೀ., ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ). 20 ಗ್ರಾಂ ಚೂರನ್ನು ಒಮ್ಮೆಗೇ ಸುರಿಯದೆ ಐದು ಗ್ರಾಂನಂತೆ ಹಾಕಿ. ಒಟ್ಟು 0.3 ಮೋಲ್, ಅಂದರೆ 7 ಲೀಟರಿಗೂ ಮಿಕ್ಕಿ ಹೈಡ್ರೋಜನ್ ಹೊರಬರುತ್ತದೆ. ಹತ್ತಿರ ಬರ್ನರ್, ಸ್ಟವ್ ಏನೂ ಇರಬಾರದು. ಕರೆಂಟ್ ಹೋಗಿ ಹುಡ್‌ನ ಫ್ಯಾನ್ ನಿಂತರೆ ಹೊಸ ಚೂರು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಗುಳ್ಳೆ ನಿಂತ ಮೇಲೆ ಬೀಕರಿನ ತಳದಲ್ಲಿ ಶೇಂಗಾ ಸಿಪ್ಪೆಯಂತೆ ಟೊಳ್ಳು ನಿಕಲ್ ಚಿಪ್ಪುಗಳು ಉಳಿದಿರುತ್ತವೆ. 300 ಮಿ.ಲೀ.ಗೆ ನೀರು ಬೆರೆಸಿ ಸೋಸಿ. ಈ ನೀರು ಬೆರೆಸುವುದನ್ನು ಬಿಡಬೇಡಿ. ನಿಯೋಡಿಮಿಯಂ ಸಲ್ಫೇಟ್ ಬಿಸಿಯಾದಷ್ಟೂ ಕಡಿಮೆ ಕರಗುವ ವಿಚಿತ್ರ ಲವಣ. ಗಾಢವಾಗಿದ್ದರೆ ಬಿಸಿ ದ್ರಾವಣದಲ್ಲೇ ಗುಲಾಬಿ ಹರಳು ಕಟ್ಟಿ ಸೋಸುಕಾಗದದಲ್ಲಿ ಚಿಪ್ಪಿನ ಜೊತೆ ಕಸಕ್ಕೆ ಹೋಗುತ್ತದೆ.

ಈಗ ಕಬ್ಬಿಣ ಬಿಟ್ಟು ವಿರಳ ಭೂಲೋಹ ಮಾತ್ರ ಕೆಳಗಿಳಿಸಬೇಕು. ಸೋಸಿದ ತಿಳಿಹಸಿರು ದ್ರಾವಣಕ್ಕೆ 20 ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ, 70 ಡಿಗ್ರಿಗೆ ಕಾಯಿಸಿ ಅರ್ಧ ಗಂಟೆ ಕಲಕಿ. ಸೋಡಿಯಂ-ನಿಯೋಡಿಮಿಯಂ ಜೋಡಿ ಸಲ್ಫೇಟ್ ನಸುಗುಲಾಬಿ ಪುಡಿಯಾಗಿ ಕೂರುತ್ತದೆ. ಕಬ್ಬಿಣ ಫೆರಸ್ ರೂಪದಲ್ಲಿ ಮೇಲೇ ಉಳಿಯುತ್ತದೆ. ಇದೇ ದಿನ ಇದನ್ನು ಮುಗಿಸಿ. ಬೀಕರನ್ನು ತೆರೆದಿಟ್ಟು ಮರುದಿನ ಬಂದರೆ ಹಸಿರು ಕಂದಾಗಿರುತ್ತದೆ. ಫೆರಸ್ ಕಬ್ಬಿಣ ಫೆರಿಕ್ ಆಗುತ್ತಿದೆ ಎಂದರ್ಥ, ಮತ್ತು ಫೆರಿಕ್ ಕಬ್ಬಿಣ ಮುಂದೆ ಆರ್ಗ್ಯಾನಿಕ್‌ಗೆ ವಿಷ. ಡಿಸ್ಪ್ರೋಸಿಯಂನಂಥ ಭಾರವಾದ ಸದಸ್ಯರ ಜೋಡಿ ಸಲ್ಫೇಟ್ ಸ್ವಲ್ಪ ಹೆಚ್ಚು ಕರಗುತ್ತದೆ. ಅದರಲ್ಲಿ ಒಂದಿಷ್ಟು ಸೋಸಿದ ನೀರಿನಲ್ಲೇ ಹೋಗುತ್ತದೆಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ಪುಡಿಯನ್ನು ಬಿಸಿ ಶೇ. 5 ಸೋಡಿಯಂ ಸಲ್ಫೇಟ್ ನೀರಿನಲ್ಲಿ ತೊಳೆದು, 7.5 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ 150 ಮಿ.ಲೀ. ನೀರಿನಲ್ಲಿ 80 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿ. ಅದು ಹೈಡ್ರಾಕ್ಸೈಡ್ ಆಗುತ್ತದೆ. ಸೋಸಿ, ತೊಳೆದ ನೀರಿಗೆ ಆಮ್ಲ ಸೇರಿಸಿದ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಮಬ್ಬು ಬಾರದವರೆಗೂ ತೊಳೆಯಿರಿ. ಸಲ್ಫೇಟ್ ಉಳಿದರೆ ಜೋಡಿ ಸಲ್ಫೇಟ್ ಮತ್ತೆ ಫನಲ್ಲಿನಲ್ಲಿ ಮೂಡುತ್ತದೆ. ಕೊನೆಗೆ ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಕರಗಿಸಿ. 11 ಮಿ.ಲೀ. ಆಸುಪಾಸು ಹಿಡಿಯುತ್ತದೆ. ಒಂದು ಲೀಟರಿಗೆ ತಂದು ಪಿಎಚ್ 1.7ಕ್ಕೆ ಹೊಂದಿಸಿ, 0.45 ಮೈಕ್ರಾನ್ ಸೋಸುಪೊರೆಯಲ್ಲಿ ಸೋಸಿ. ಒಂದು ಹನಿಗೆ ಒಂದು ಹನಿ ಅಮೋನಿಯಂ ಥಯೋಸಯನೇಟ್ ಹಾಕಿ ನೋಡಿ: ರಕ್ತಗೆಂಪು ಬಂದರೆ ಫೆರಿಕ್ ಇದೆ. ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ಅದು ಫೆರಸ್ ಆಗುತ್ತದೆ.

ಫೀಡ್ ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ತಿಳಿ ನೇರಳೆ-ಗುಲಾಬಿ. ಅದೇ ಬಾಟಲಿಯನ್ನು ಹಳೆಯ ಟ್ಯೂಬ್‌ಲೈಟಿನ ಕೆಳಗೆ ತಂದರೆ ಹಸಿರು ಛಾಯೆಗೆ ತಿರುಗುತ್ತದೆ. ಏನೋ ಬೆರೆತುಹೋಯಿತೆಂದು ಚೆಲ್ಲಬೇಡಿ, ನಿಯೋಡಿಮಿಯಂನ ಗುಣವೇ ಅದು.

ಅಳೆಯದೆ ಮುಂದೆ ಹೋಗಬೇಡಿ

ಒಂದೊಂದು ಲೋಹ ಎಷ್ಟಿದೆಯೆಂದು ಅಳೆದು ಹೇಳುವ ಐಸಿಪಿ ಯಂತ್ರವಿದ್ದರೆ ಸರಿ. ಇಲ್ಲದಿದ್ದರೆ ಇಡಿಟಿಎ ಟೈಟ್ರೇಷನ್ (ಲೋಹವನ್ನು ಕಟ್ಟಿಹಾಕುವ ಇಡಿಟಿಎಯನ್ನು ಬಣ್ಣ ತಿರುಗುವವರೆಗೆ ಬಿಟ್ಟು ಅಳೆಯುವುದು) ಸಾಕು. ಫೀಡ್ 1 ಮಿ.ಲೀ. ತೆಗೆದು 50 ಮಿ.ಲೀ. ನೀರು, ಹೆಕ್ಸಮೀನ್ ಬಫರ್ ಹಾಕಿ ಪಿಎಚ್ 5.5ಕ್ಕೆ ತನ್ನಿ. ಚಿಟಿಕೆ ಕ್ಸೈಲೆನಾಲ್ ಆರೆಂಜ್ ಹಾಕಿ 0.01 ಮೋಲಾರ್ ಇಡಿಟಿಎ ಬಿಡಿ. ಕೆನ್ನೇರಳೆ ಹೋಗಿ ನಿಂಬೆ ಹಳದಿ ನಿಂತಾಗ ಓದಿ. 1 ಮಿ.ಲೀ. ಇಡಿಟಿಎ ಅಂದರೆ 1.44 ಮಿ.ಗ್ರಾಂ ನಿಯೋಡಿಮಿಯಂ. ಲೀಟರಿಗೆ 6 ಗ್ರಾಂ ಫೀಡ್ ಆದರೆ ಸುಮಾರು 4.2 ಮಿ.ಲೀ. ಬರಬೇಕು. ಕೊನೆಯ ಹನಿಗಳನ್ನು ನಿಧಾನಕ್ಕೆ ಬಿಡಿ, ಬಣ್ಣ ತಿರುಗಲು ಅದು ಅರೆಕ್ಷಣ ತೆಗೆದುಕೊಳ್ಳುತ್ತದೆ.

ಆರ್ಗ್ಯಾನಿಕ್ ತಯಾರಿ

ಲೋಹ ಹಿಡಿಯುವ ಸಂಯುಕ್ತದ ಹೆಸರು ಡೈ-2-ಈಥೈಲ್‌ಹೆಕ್ಸೈಲ್ ಫಾಸ್ಫಾರಿಕ್ ಆಮ್ಲ, ಬಳಕೆಯಲ್ಲಿ ಡಿ2ಇಎಚ್‌ಪಿಎ. ಜೇನಿನಂತೆ ಮಂದ, ಚರ್ಮ ಮತ್ತು ಕಣ್ಣು ಸುಡುತ್ತದೆ. ಅಣುತೂಕ 322. ಸೀಮೆಎಣ್ಣೆಯಲ್ಲಿ ಎರಡೆರಡು ಅಣು ಕೈಹಿಡಿದು ಜೋಡಿಯಾಗಿರುತ್ತವೆ. ಒಂದು ನಿಯೋಡಿಮಿಯಂ ಅಯಾನನ್ನು ಮೂರು ಜೋಡಿ ಸುತ್ತುವರಿದು ಹೊರುತ್ತವೆ, ಬದಲಿಗೆ ಮೂರು ಹೈಡ್ರೋಜನ್ ಅಯಾನು ನೀರಿಗೆ ಇಳಿಯುತ್ತವೆ. ಹೀಗಾಗಿ ಪಿಎಚ್ ಒಂದು ಅಂಕ ಏರಿದರೆ ಹೊರತೆಗೆಯುವ ಶಕ್ತಿ ಸಾವಿರ ಪಟ್ಟು ಹೆಚ್ಚುತ್ತದೆ, ಡಿ2ಇಎಚ್‌ಪಿಎ ಸಾಂದ್ರತೆ ಎರಡು ಪಟ್ಟಾದರೆ ಎಂಟು ಪಟ್ಟು. ಪಿಎಚ್ ಮೀಟರಿನಲ್ಲಿ 0.1 ತಪ್ಪಾದರೂ ಫಲಿತಾಂಶ ಎರಡು ಪಟ್ಟು ಆಚೀಚೆ ಆಗುತ್ತದೆ. ಪ್ರತಿ ದಿನ ಬೆಳಿಗ್ಗೆ ಬಫರಿನಲ್ಲಿ ಮೀಟರ್ ಸರಿಮಾಡಿಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

0.5 ಮೋಲಾರ್ ಆರ್ಗ್ಯಾನಿಕ್ 500 ಮಿ.ಲೀ.ಗೆ: ಶೇ. 95 ಶುದ್ಧತೆಯ ಡಿ2ಇಎಚ್‌ಪಿಎ 85 ಗ್ರಾಂ, ಟ್ರೈಬ್ಯುಟೈಲ್ ಫಾಸ್ಫೇಟ್ 25 ಮಿ.ಲೀ., ಉಳಿದದ್ದು ಸೀಮೆಎಣ್ಣೆ. ಟ್ರೈಬ್ಯುಟೈಲ್ ಫಾಸ್ಫೇಟ್ ಬಿಟ್ಟರೆ ಕಾಸ್ಟಿಕ್ ಹಾಕಿದ ಮೇಲೆ ಮೂರನೇ ಪದರ ಮೂಡುತ್ತದೆ.

ಯಾವ ಸೀಮೆಎಣ್ಣೆ? ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಬೇಡವೇ ಬೇಡ. ಬಣ್ಣ ಒಂದು ಕಾರಣ. ದೊಡ್ಡ ಕಾರಣ ಫ್ಲ್ಯಾಶ್ ಪಾಯಿಂಟ್. ನಮ್ಮ ದೇಶದ ಸೀಮೆಎಣ್ಣೆ ಮಾನಕದಲ್ಲಿ ಅದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ 39 ಡಿಗ್ರಿ ಇರುವಾಗ ಅದರ ಆವಿ ಕಿಡಿಗೆ ಕಾದು ಕೂತಿದೆ ಎಂದರ್ಥ. ಆರೊಮ್ಯಾಟಿಕ್ ತೆಗೆದ, ಫ್ಲ್ಯಾಶ್ ಪಾಯಿಂಟ್ 60 ಡಿಗ್ರಿ ಮೀರಿದ ಬಿಳಿ ಸೀಮೆಎಣ್ಣೆಯನ್ನು ಕೆಮಿಕಲ್ ಡೀಲರ್ ಬಳಿ ಕೇಳಿ, ಇಲ್ಲವೇ ಎನ್-ಡೋಡೆಕೇನ್ ತನ್ನಿ.

ಬೆರೆಸಿದ ಆರ್ಗ್ಯಾನಿಕ್ಕನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಮ್ಮೆ, ನೀರಿನಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ ಮುಖ್ಯ ಹೆಜ್ಜೆ, ಸಾಬೂನೀಕರಣ.

ಲೆಕ್ಕ ಹೀಗೆ. ಫೀಡ್‌ನಲ್ಲಿ ನಿಯೋಡಿಮಿಯಂ 0.042 ಮೋಲಾರ್. ಎಲ್ಲವೂ ಏರಿದರೆ ನೀರಿಗೆ ಇಳಿಯುವ ಹೈಡ್ರೋಜನ್ ಅಯಾನು ಅದರ ಮೂರರಷ್ಟು, 0.125 ಮೋಲಾರ್. ಪಿಎಚ್ 1.7ರ ಫೀಡ್‌ನಲ್ಲಿ ಮೊದಲೇ 0.02 ಇದೆ. ಒಟ್ಟು 0.145. ಹಾಗೇ ಬಿಟ್ಟರೆ ಪಿಎಚ್ 1ರ ಕೆಳಕ್ಕೆ ಜಾರುತ್ತದೆ. ಅದಕ್ಕೆ ಎಷ್ಟೋ ಮುಂಚೆಯೇ ಹೊರತೆಗೆತ ನಿಂತುಹೋಗಿರುತ್ತದೆ. ಆದ್ದರಿಂದ ಡಿ2ಇಎಚ್‌ಪಿಎಯ ಶೇ. 30 ಭಾಗವನ್ನು, ಅಂದರೆ 0.15 ಮೋಲಾರಿನಷ್ಟನ್ನು, ಮೊದಲೇ ಸೋಡಿಯಂ ಲವಣ ಮಾಡಿಡಬೇಕು. 500 ಮಿ.ಲೀ. ಆರ್ಗ್ಯಾನಿಕ್‌ಗೆ 10 ಮೋಲಾರ್ ಕಾಸ್ಟಿಕ್ 7.5 ಮಿ.ಲೀ. ಕಲಕುತ್ತಾ ನಿಧಾನ ಹಾಕಿ. ಮೊದಲು ಹಾಲಾಗಿ, ಹತ್ತು ನಿಮಿಷದಲ್ಲಿ ಮತ್ತೆ ತಿಳಿಯಾಗುತ್ತದೆ; ಆ ನೀರು ಆರ್ಗ್ಯಾನಿಕ್ ಒಳಗೇ ಅಡಗಿ ಕೂರುತ್ತದೆ. ಇದನ್ನು ಬರೀ ನೀರಿನಲ್ಲಿ ತೊಳೆಯಲು ಹೋದಿರೋ, ಕೈಗೆ ಸಿಗುವುದು ಸೋಪಿನ ನೊರೆ.

ಗರಿಷ್ಠ ಎಷ್ಟು ಹೊರಬಹುದು? ಆರು ಡಿ2ಇಎಚ್‌ಪಿಎಗೆ ಒಂದು ನಿಯೋಡಿಮಿಯಂ, ಅಂದರೆ ಲೀಟರಿಗೆ 12 ಗ್ರಾಂ. ಕಾಗದದ ಮೇಲಿನ ಮಿತಿ ಅದು. 8 ಗ್ರಾಂ ದಾಟಿದರೆ ಆರ್ಗ್ಯಾನಿಕ್ ಮಂದವಾಗುತ್ತಾ ಗಂಜಿಯಂತಾಗಿ ಕೊನೆಗೆ ಜೆಲ್ ಕಟ್ಟುತ್ತದೆ. ನಾವು 6ರಲ್ಲೇ ಇದ್ದೇವೆ.

ಒಂದು ಫನಲ್, ಐದು ಪರೀಕ್ಷೆ

250 ಮಿ.ಲೀ. ಸೆಪರೇಟಿಂಗ್ ಫನಲ್, ಟೆಫ್ಲಾನ್ ಕಾಕ್ ಇರುವುದು. ಗಾಜಿನ ಕಾಕ್ ಆದರೆ ಹಚ್ಚಿದ ಗ್ರೀಸ್ ಸೀಮೆಎಣ್ಣೆಯಲ್ಲಿ ಕರಗಿಹೋಗುತ್ತದೆ. ರಬ್ಬರ್ ಬಿರಡೆ ಊದಿಕೊಳ್ಳುತ್ತದೆ.

ಫೀಡ್ ಮತ್ತು ಆರ್ಗ್ಯಾನಿಕ್ಕನ್ನು 1:5, 1:2, 1:1, 2:1, 5:1 ಅನುಪಾತಗಳಲ್ಲಿ ಬೇರೆಬೇರೆ ಅಲ್ಲಾಡಿಸಿ. ಐದು ನಿಮಿಷ ಸಾಕು, ಈ ಲೋಹಗಳು ಬೇಗ ಸಮತೋಲನಕ್ಕೆ ಬರುತ್ತವೆ. ನಡುನಡುವೆ ಕಾಕ್ ತೆರೆದು ಆವಿ ಬಿಡಿ. ಸಮನಾಗಿ ಮಗುಚಿದರೆ ಸಾಕು, ಮಜ್ಜಿಗೆ ಕಡೆದ ಹಾಗೆ ಕಡೆಯಬೇಡಿ. ಬಲ ಹೆಚ್ಚಾದರೆ ಹನಿಗಳು ತೀರ ಸಣ್ಣವಾಗಿ ಗಂಟೆಗಟ್ಟಲೆ ಬೇರ್ಪಡುವುದಿಲ್ಲ. ಸ್ಟ್ಯಾಂಡಿಗೆ ಹಾಕಿ ಗಡಿಯಾರ ನೋಡಿ: ಎರಡು-ಮೂರು ನಿಮಿಷದಲ್ಲಿ ನಡುಗೆರೆ ಸ್ಪಷ್ಟವಾಗಬೇಕು. ಕೆಳಗಿನ ನೀರಿನ ಪಿಎಚ್ ಮತ್ತು ಲೋಹ ಅಳೆಯಿರಿ. ಆರ್ಗ್ಯಾನಿಕ್‌ನಲ್ಲಿ ಎಷ್ಟಿದೆ ಎಂಬುದು ವ್ಯತ್ಯಾಸದಿಂದ ಸಿಗುತ್ತದೆ, ಒಮ್ಮೆಯಾದರೂ ಅದನ್ನು 2 ಮೋಲಾರ್ ಆಮ್ಲದಲ್ಲಿ ಇಳಿಸಿ ತಾಳೆ ನೋಡಿ. ನೀರಿನ ಸಾಂದ್ರತೆ ಅಡ್ಡಕ್ಕೆ, ಆರ್ಗ್ಯಾನಿಕ್ ಸಾಂದ್ರತೆ ಉದ್ದಕ್ಕೆ ಹಾಕಿ ಗೆರೆ ಎಳೆದರೆ ನಿಮ್ಮ ದ್ರಾವಣದ ಸಮತೋಲನ ರೇಖೆ ಸಿದ್ಧ. ಪುಸ್ತಕದ ರೇಖೆ ನಂಬಿ ಕೂರಬೇಡಿ. ನಿಮ್ಮ ಡಿ2ಇಎಚ್‌ಪಿಎ, ನಿಮ್ಮ ಸೀಮೆಎಣ್ಣೆ, ನಿಮ್ಮ ಕ್ಲೋರೈಡ್ ಬೇರೆ.

ನೀರೊಳಗೆ ಎಣ್ಣೆ ಹನಿಯೋ, ಎಣ್ಣೆಯೊಳಗೆ ನೀರಿನ ಹನಿಯೋ ಎಂದು ತಿಳಿಯಲು ಒಂದು ಉಪಾಯ: ಬೀಕರಿನಲ್ಲಿ ಕಲಕುತ್ತಿರುವಾಗ ಮಲ್ಟಿಮೀಟರಿನ ಎರಡು ಕಡ್ಡಿ ಅದ್ದಿ. ವಿದ್ಯುತ್ ಹರಿದರೆ ನೀರು ಹೊರಗಿದೆ, ಹರಿಯದಿದ್ದರೆ ಎಣ್ಣೆ ಹೊರಗಿದೆ. ನೀರಿನಲ್ಲಿ ಎಣ್ಣೆ ಕೊಚ್ಚಿಹೋಗುವುದು ಕಡಿಮೆಯಾಗಬೇಕಾದರೆ ಎಣ್ಣೆ ಹೊರಗಿರುವುದು ಒಳ್ಳೆಯದು. ಆರ್ಗ್ಯಾನಿಕ್ ತುಸು ಹೆಚ್ಚಿಟ್ಟು ಕಲಕಲು ಶುರುಮಾಡಿ.

ಮೂರು ಫನಲ್‌ಗಳ ಎದುರುಬದುರು ಓಟ

ಒಂದೇ ಸಲ ಅಲ್ಲಾಡಿಸಿದರೆ ಪೂರ್ತಿ ಬರುವುದಿಲ್ಲ. ಆರ್ಗ್ಯಾನಿಕ್‌ನಲ್ಲಿ ನೀರಿಗಿಂತ ಮೂರು ಪಟ್ಟು ಲೋಹ ನಿಲ್ಲುವ ಸ್ಥಿತಿ ಇದೆ ಎನ್ನಿ, ಸಮ ಪ್ರಮಾಣ. ಒಂದು ಸಲಕ್ಕೆ ಕಾಲು ಭಾಗ ನೀರಿನಲ್ಲೇ ಉಳಿಯುತ್ತದೆ. ಮೂರು ಪಟ್ಟು ಆರ್ಗ್ಯಾನಿಕ್ ಒಮ್ಮೆಗೇ ಸುರಿದರೂ ಶೇ. 10 ಉಳಿಯುತ್ತದೆ. ಮೊದಲಿನ ಸಮ ಪ್ರಮಾಣದ ಆರ್ಗ್ಯಾನಿಕ್ಕನ್ನೇ, ಹೆಚ್ಚಿಸದೆ, ನೀರಿಗೆ ಎದುರುಬದುರು ಹರಿಸಿದರೆ ಎರಡು ಹಂತಕ್ಕೆ ಶೇ. 7.7, ಮೂರಕ್ಕೆ ಶೇ. 2.5, ನಾಲ್ಕಕ್ಕೆ ಶೇ. 0.8. ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು ಮೂರು ಕೊಪ್ಪರಿಗೆ ಇಟ್ಟುಕೊಳ್ಳುವ ತರ್ಕವೇ ಇದು. ಜಿಡ್ಡು ಪಾತ್ರೆ ಮೊದಲು ಬೀಳುವುದು ಕೊಳೆ ನೀರಿಗೆ, ಹೊಸ ನೀರು ಸಿಗುವುದು ಬಹುತೇಕ ಚೊಕ್ಕವಾದ ಪಾತ್ರೆಗೆ.

ಫನಲ್‌ಗಳಿಗೆ 1, 2, 3 ಎಂದು ಗುರುತು ಹಾಕಿ. ಮೂರರಲ್ಲೂ 50 ಮಿ.ಲೀ. ಫೀಡ್, 50 ಮಿ.ಲೀ. ಆರ್ಗ್ಯಾನಿಕ್ ಹಾಕಿ ಅಲ್ಲಾಡಿಸಿ ಬಿಡಿ. ಆಮೇಲೆ ಪ್ರತಿ ಸುತ್ತಿನಲ್ಲಿ:

– 3ರ ನೀರು ಹೊರಕ್ಕೆ (ಇದು ರಾಫಿನೇಟ್), 2ರ ನೀರು 3ಕ್ಕೆ, 1ರ ನೀರು 2ಕ್ಕೆ, ಹೊಸ ಫೀಡ್ 1ಕ್ಕೆ.
– 1ರ ಆರ್ಗ್ಯಾನಿಕ್ ಹೊರಕ್ಕೆ (ಇದು ಲೋಹ ಹೊತ್ತದ್ದು), 2ರದ್ದು 1ಕ್ಕೆ, 3ರದ್ದು 2ಕ್ಕೆ, ಹೊಸ ಆರ್ಗ್ಯಾನಿಕ್ 3ಕ್ಕೆ.
– ಮೂರನ್ನೂ ಐದು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ.

ಎಲ್ಲ ಫನಲ್‌ಗಳಿಂದ ಮೊದಲು ಎರಡೂ ಪದರ ಬೀಕರುಗಳಿಗೆ ಇಳಿಸಿಕೊಂಡು, ಚೀಟಿ ಅಂಟಿಸಿ, ಆಮೇಲೆ ತುಂಬಿ. ಆತುರದಲ್ಲಿ ಒಂದರದ್ದು ಇನ್ನೊಂದಕ್ಕೆ ಹೋದರೆ ಅಲ್ಲಿಯವರೆಗಿನ ಅರ್ಧ ದಿನ ವ್ಯರ್ಥ. ಮೊದಲ ಸುತ್ತುಗಳ ಅಂಕಿಗೆ ಬೆಲೆಯಿಲ್ಲ. ಎಂಟು-ಒಂಬತ್ತನೇ ಸುತ್ತಿನ ಹೊತ್ತಿಗೆ, ಸತತ ಎರಡು ಸುತ್ತಿನ ರಾಫಿನೇಟ್ ಟೈಟ್ರೇಷನ್ ಒಂದೇ ಬಂದರೆ ವ್ಯವಸ್ಥೆ ನೆಲೆಗೊಂಡಿದೆ. ರಾಫಿನೇಟ್ ಪಿಎಚ್ 2.5ರಿಂದ 3ರೊಳಗೆ ಇರಲಿ. 2ಕ್ಕಿಂತ ಕೆಳಗಿದ್ದರೆ ಸಾಬೂನೀಕರಣ ಸಾಲದು, ಶೇ. 32-33ಕ್ಕೆ ಏರಿಸಿ. 4 ದಾಟುತ್ತಿದ್ದರೆ ಇಳಿಸಿ, ಇಲ್ಲವಾದರೆ 3ನೇ ಫನಲ್ಲಿನಲ್ಲಿ ಕೆನೆ ಕಟ್ಟುತ್ತದೆ, ಡಿ2ಇಎಚ್‌ಪಿಎ ನೀರಿಗೆ ಸೋರುತ್ತದೆ. ಒಂದು ಲೀಟರ್ ಫೀಡ್ ಮುಗಿಸಲು 20 ಸುತ್ತು. 500 ಮಿ.ಲೀ. ಆರ್ಗ್ಯಾನಿಕ್ಕನ್ನು ನಡುವೆ ಒಮ್ಮೆ ಸ್ಟ್ರಿಪ್ ಮಾಡಿ (ಹೊತ್ತ ಲೋಹವನ್ನು ಆಮ್ಲಕ್ಕೆ ಇಳಿಸಿ), ಮತ್ತೆ ಸಾಬೂನೀಕರಿಸಿ ಬಳಸಬಹುದು.

ತೊಳೆಯುವುದು, ಇಳಿಸುವುದು

ಲೋಹ ಹೊತ್ತ ಆರ್ಗ್ಯಾನಿಕ್ ಐದು ಭಾಗಕ್ಕೆ 0.05 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಒಂದು ಭಾಗ ಹಾಕಿ ಒಮ್ಮೆ ಅಲ್ಲಾಡಿಸಿ. ಅಂಟಿಕೊಂಡು ಬಂದ ಕ್ಯಾಲ್ಸಿಯಂ, ನಿಕಲ್, ಕೋಬಾಲ್ಟ್, ಸೋಡಿಯಂ ಇಳಿಯುತ್ತವೆ. ಜೊತೆಗೆ ಸ್ವಲ್ಪ ನಿಯೋಡಿಮಿಯಂ ಇಳಿಯುವುದು ಸಹಜ. ಆ ನೀರನ್ನು ಫೀಡ್‌ಗೇ ಸೇರಿಸಿ.

ನಂತರ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಆರ್ಗ್ಯಾನಿಕ್ 4 ಭಾಗಕ್ಕೆ 1 ಭಾಗ, ಎರಡು ಹಂತ, ಅದೇ ಎದುರುಬದುರು ಕ್ರಮ. ಲೀಟರಿಗೆ 6 ಗ್ರಾಂ ಇದ್ದದ್ದು 24 ಗ್ರಾಂ ಆಗಿ ಗಾಢ ನೇರಳೆ ಬಣ್ಣ ಬರುತ್ತದೆ. ಇಲ್ಲಿ ಖರ್ಚಾಗುವ ಆಮ್ಲ 0.5 ಮೋಲಾರ್, ಉಳಿಯುವುದು 1.5. ಸಲ್ಫ್ಯೂರಿಕ್ ಆಮ್ಲ ಅಗ್ಗವೆಂದು ಅದನ್ನು ಬಳಸಬೇಡಿ. ಉಳಿದ ಸೋಡಿಯಂ ಜೊತೆ ಜೋಡಿ ಸಲ್ಫೇಟ್, ಕ್ಯಾಲ್ಸಿಯಂ ಇದ್ದರೆ ಜಿಪ್ಸಂ, ಎರಡೂ ಫನಲ್ಲಿನ ಕುತ್ತಿಗೆಯಲ್ಲೇ ಹರಳು ಕಟ್ಟುತ್ತವೆ.

ಡಿಸ್ಪ್ರೋಸಿಯಂ ಬೇರೆ ಬೇಕಿದ್ದರೆ ಸಾಬೂನೀಕರಣವಿಲ್ಲದ ಆರ್ಗ್ಯಾನಿಕ್ಕನ್ನು ಮೊದಲು ಬಳಸಬೇಕು. ಈ ಕುಟುಂಬದಲ್ಲಿ ಭಾರ ಹೆಚ್ಚಿದಷ್ಟೂ ಡಿ2ಇಎಚ್‌ಪಿಎಗೆ ಪ್ರೀತಿ ಹೆಚ್ಚು. ಪಕ್ಕಪಕ್ಕದ ಎರಡು ಲೋಹಗಳ ನಡುವೆ ಸರಾಸರಿ ಎರಡೂವರೆ ಪಟ್ಟು ವ್ಯತ್ಯಾಸವೆಂದು 1957ರಲ್ಲೇ ಪೆಪ್ಪಾರ್ಡ್ ಮತ್ತು ಸಂಗಡಿಗರು ತೋರಿಸಿದ್ದರು. ನಿಯೋಡಿಮಿಯಂನಿಂದ ಡಿಸ್ಪ್ರೋಸಿಯಂಗೆ ಆರು ಮೆಟ್ಟಿಲು. ಫೀಡ್ ಆಮ್ಲತೆಯನ್ನು 0.1, 0.2, 0.3, 0.5, 1 ಮೋಲಾರ್ ಮಾಡಿ ಅಲ್ಲಾಡಿಸಿ ನೋಡಿದರೆ ಡಿಸ್ಪ್ರೋಸಿಯಂ ಏರಿ ನಿಯೋಡಿಮಿಯಂ ಕೆಳಗುಳಿಯುವ ಜಾಗ ಸಿಗುತ್ತದೆ. ಇದಕ್ಕೆ ಮಾತ್ರ ಐಸಿಪಿ ಬೇಕು, ಟೈಟ್ರೇಷನ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಏರಿದ ಡಿಸ್ಪ್ರೋಸಿಯಂ ಇಳಿಸಲು 4-5 ಮೋಲಾರ್ ಆಮ್ಲ ಹಿಡಿಯುತ್ತದೆ. ಪಿಸಿ-88ಎ ಎಂಬ ಸಂಯುಕ್ತದಲ್ಲಿ ಕಡಿಮೆ ಆಮ್ಲ ಸಾಕು, ಹಾಗಾಗಿ ಭಾರದ ಲೋಹಗಳಿಗೆ ಅದೇ ಮೇಲು.

ಪ್ರಸಿಯೋಡಿಮಿಯಂ-ನಿಯೋಡಿಮಿಯಂ ಬೇರ್ಪಡಿಸುವ ಹಟ ಬೇಡ. 1885ರಲ್ಲಿ ಔವರ್ ಫಾನ್ ವೆಲ್ಸ್‌ಬಾಖ್ ಇವೆರಡನ್ನು ಬಿಡಿಸಿದ್ದು ಮತ್ತೆ ಮತ್ತೆ ಹರಳು ಕಟ್ಟಿಸಿ. ಇಂದು ಕಾರ್ಖಾನೆಗಳಲ್ಲೂ ಹತ್ತಾರು ಹಂತ ಬೇಕು. ಅಯಸ್ಕಾಂತ ಮಾಡುವವರಿಗೆ ಎರಡೂ ಸೇರಿದ ಮಿಶ್ರಣವೇ ನಡೆಯುತ್ತದೆ.

ಆಕ್ಸಲೇಟ್, ಆಕ್ಸೈಡ್

250 ಮಿ.ಲೀ. ಸ್ಟ್ರಿಪ್ ದ್ರಾವಣವನ್ನು 500ಕ್ಕೆ ತಂದು, ಕಲಕುತ್ತಾ ಅಮೋನಿಯಾ ಹನಿಸಿ ಪಿಎಚ್ 1ರ ಹತ್ತಿರ ತನ್ನಿ (ಶೇ. 25ರ ಅಮೋನಿಯಾ 20-25 ಮಿ.ಲೀ. ಹಿಡಿಯುತ್ತದೆ). ಕಾಸ್ಟಿಕ್ ಬೇಡ, ಸೋಡಿಯಂ ಪುಡಿಯೊಳಗೆ ಸಿಕ್ಕಿಕೊಳ್ಳುತ್ತದೆ. 65 ಡಿಗ್ರಿಗೆ ಕಾಯಿಸಿ, 11 ಗ್ರಾಂ ಆಕ್ಸಲಿಕ್ ಆಮ್ಲವನ್ನು 110 ಮಿ.ಲೀ. ಬಿಸಿ ನೀರಿನಲ್ಲಿ ಕರಗಿಸಿ ಅರ್ಧ ಗಂಟೆಯಲ್ಲಿ ನಿಧಾನ ಬಿಡಿ. ಲೆಕ್ಕಕ್ಕೆ 7.9 ಗ್ರಾಂ ಸಾಕು, ಮಿಕ್ಕದ್ದು ಪೂರ್ತಿ ಇಳಿಯಲೆಂದು. ಈ ಕ್ರಿಯೆಯೂ ಆಮ್ಲ ಬಿಡುತ್ತದೆ; ಕೊನೆಯಲ್ಲಿ ಮತ್ತೆ ಅಮೋನಿಯಾದಿಂದ ಪಿಎಚ್ 1.5ಕ್ಕೆ ತನ್ನಿ. ಅವಸರದಲ್ಲಿ ಸುರಿದರೆ ಹಿಟ್ಟಿನಂಥ ಕಣ ಬಂದು ಸೋಸುಕಾಗದ ಕಟ್ಟಿಕೊಳ್ಳುತ್ತದೆ. ನಿಧಾನಿಸಿದರೆ ಸಣ್ಣ ರವೆಯಂತೆ ಕೂರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಸೋಸಿ, ಶೇ. 1 ಆಕ್ಸಲಿಕ್ ಆಮ್ಲದಲ್ಲಿ ತೊಳೆಯಿರಿ. ಗಾಳಿಗೆ ಒಣಗಿಸಿದರೆ ಪೂರ್ಣ ಇಳುವರಿಗೆ 15.2 ಗ್ರಾಂ. ಪಿಂಗಾಣಿ ಮೂಸೆಯಲ್ಲಿ 900 ಡಿಗ್ರಿ, ಎರಡು ಗಂಟೆ: 7 ಗ್ರಾಂ ಆಕ್ಸೈಡ್. 700ರಲ್ಲಿ ನಿಲ್ಲಿಸಿದರೆ ಕಾರ್ಬೊನೇಟ್ ಉಳಿದು ತೂಕ ಹೆಚ್ಚು ತೋರಿಸುತ್ತದೆ, ಇಳುವರಿ ಚೆನ್ನಾಗಿದೆಯೆಂಬ ಭ್ರಮೆ. ಪ್ರಸಿಯೋಡಿಮಿಯಂ ಇದ್ದರೆ ನೀಲಿಬೂದು ಬರದೆ ಕಂದು ಬರುತ್ತದೆ. ಆಕ್ಸೈಡ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಬಿಸಿಯಾರುವ ಮುನ್ನವೇ ಡೆಸಿಕೇಟರಿಗೆ ಹಾಕಿ.

ಕೈಕೊಡುವ ಜಾಗಗಳು

ಆರ್ಗ್ಯಾನಿಕ್ ಪದರ ದಿನದಿಂದ ದಿನಕ್ಕೆ ಹಳದಿ-ಕಿತ್ತಳೆಯಾಗುತ್ತಿದ್ದರೆ ಅದು ಫೆರಿಕ್ ಕಬ್ಬಿಣ. 2 ಮೋಲಾರ್ ಆಮ್ಲಕ್ಕೆ ಅದು ಇಳಿಯುವುದಿಲ್ಲ, ಪ್ರತಿ ಬಳಕೆಗೂ ಸ್ವಲ್ಪಸ್ವಲ್ಪ ಸೇರಿ ಲೋಹಕ್ಕೆ ಜಾಗವೇ ಇಲ್ಲದಂತೆ ಮಾಡುತ್ತದೆ. 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸಮ ಪ್ರಮಾಣದಲ್ಲಿ ಎರಡು ಸಲ ತೊಳೆದು, ನೀರಿನಲ್ಲಿ ತೊಳೆಯಿರಿ.

ಎರಡು ಪದರಗಳ ನಡುವೆ ಬೂದು ಕೆನೆ ಕಂಡರೆ ಮೊದಲ ಅನುಮಾನ ಧೂಳು. ಆಷಾಢದ ಗಾಳಿಯಲ್ಲಿ ಕಿಟಕಿ ತೆರೆದಿಟ್ಟ ಲ್ಯಾಬಿನಲ್ಲಿ ಬೀಕರ್ ಮುಚ್ಚದಿದ್ದರೆ ಸಿಲಿಕಾ ಧೂಳು ಬಂದು ಸೇರಿಕೊಳ್ಳುತ್ತದೆ, ಹನಿಗಳು ಅದರ ಸುತ್ತ ಅಂಟಿ ಕೂರುತ್ತವೆ. ಕೆನೆಯನ್ನು ಹೀರಿ ತೆಗೆದು ಸೋಸಿ, ಫೀಡ್ ಮತ್ತೊಮ್ಮೆ ಸೋಸಿ. ಅಲ್ಲಾಡಿಸಿದ್ದು ಹಾಲಿನಂತೆ ನಿಂತುಬಿಟ್ಟರೆ ಪಿಎಚ್ ಹೆಚ್ಚಾಗಿದೆ: ಒಂದೆರಡು ಹನಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಒಡೆಯುತ್ತದೆ. ಡಿಸೆಂಬರ್ ಬೆಳಗಿನ ಚಳಿಗೂ ಬೇರ್ಪಡಿಕೆ ನಿಧಾನವಾಗುತ್ತದೆ; ಬಕೆಟ್ ಬಿಸಿನೀರಿನಲ್ಲಿ ಫೀಡ್ ಬಾಟಲಿ ಇಟ್ಟು 30 ಡಿಗ್ರಿಗೆ ತಂದರೆ ಸಾಕು. ಮೂರು ಪದರ ಕಂಡರೆ ಟ್ರೈಬ್ಯುಟೈಲ್ ಫಾಸ್ಫೇಟ್ ಶೇ. 2-3 ಹೆಚ್ಚಿಸಿ.

ಕೊನೆಯ ತೂಕ ಕಡಿಮೆ ಬಂದರೆ ಊಹೆ ಮಾಡುತ್ತಾ ಕೂರದೆ ಐದು ಬಾಟಲಿ ಟೈಟ್ರೇಟ್ ಮಾಡಿ: ಜೋಡಿ ಸಲ್ಫೇಟ್ ಸೋಸಿದ ನೀರು, ರಾಫಿನೇಟ್, ತೊಳೆದ ಆಮ್ಲ, ಸ್ಟ್ರಿಪ್ ಆದ ಆರ್ಗ್ಯಾನಿಕ್ (ಮತ್ತೆ 4 ಮೋಲಾರ್ ಆಮ್ಲದಲ್ಲಿ ಇಳಿಸಿ), ಆಕ್ಸಲೇಟ್ ಸೋಸಿದ ನೀರು. ಮೊದಲನೆಯದರಲ್ಲಿ ಕಬ್ಬಿಣ, ಕೊನೆಯದರಲ್ಲಿ ಆಕ್ಸಲೇಟ್ ಇಡಿಟಿಎಗೆ ಅಡ್ಡ ಬರುತ್ತವೆ, ಅವೆರಡನ್ನು ಐಸಿಪಿಗೆ ಕಳಿಸಿ. ಕಳೆದ ಲೋಹ ಇವುಗಳಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಇಲ್ಲವಾದರೆ ಅಯಸ್ಕಾಂತದಲ್ಲೇ ಶೇ. 30 ಇರಲಿಲ್ಲ.

ಆಮ್ಲದ ನೀರುಗಳನ್ನೆಲ್ಲ ಸುಣ್ಣದ ನೀರಿನಿಂದ ಪಿಎಚ್ 8.5ಕ್ಕೆ ತಂದು, ಕಬ್ಬಿಣ-ನಿಕಲ್ ಕೆಸರು ಸೋಸಿ ಒಣಗಿಸಿ, ಚೀಟಿ ಹಚ್ಚಿ ಅಪಾಯಕಾರಿ ತ್ಯಾಜ್ಯದ ಡ್ರಮ್ಮಿಗೆ ಹಾಕಿ. ಕೆಟ್ಟ ಆರ್ಗ್ಯಾನಿಕ್ ಕೂಡ ಅಧಿಕೃತ ವಿಲೇವಾರಿಗೆ ಹೋಗಬೇಕು, ಮೋರಿಗಲ್ಲ. ಒಳ್ಳೆಯ ಆರ್ಗ್ಯಾನಿಕ್ಕನ್ನು ಸಾಬೂನೀಕರಿಸದೆ, ಆಮ್ಲ ರೂಪದಲ್ಲೇ, ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ ತಂಪಾದ ಕಡೆ ಇಡಿ. ಬಾಟಲಿಯ ಮೇಲೆ ದಿನಾಂಕದ ಜೊತೆ ಎಷ್ಟು ಸಲ ಬಳಸಿದ್ದು, ಕೊನೆಯ ಸಲ ಎಷ್ಟು ಮೋಲಾರ್ ಆಮ್ಲದಲ್ಲಿ ಇಳಿಸಿದ್ದು ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸೀಮೆಎಣ್ಣೆಗೆ ಅಳಿಸಿಹೋಗುತ್ತದೆ.